ಮಲ್ಲಸಂದ್ರದಲ್ಲಿ ನಿಲ್ಲುವ ಲ್ಯಾಂಡ್‌ಮಾಸ್ಟರು

ವನಜಮ್ಮ: ನಂಗೆ ಅದೆಲ್ಲ ಬೇಡ. ಕುಣಿಗಲ್‌ಗೆ ಹೋಗುವಾಗ ಈ ಕಾರು ಒಂದು ದಿನ ನಿಂತಿದ್ಯಾ? ಅದನ್ನ ಹೇಳಿ ಮೊದ್ಲು.

ನರಸಿಂಹಯ್ಯ: ಎಂಜಿನ್‌ಗೆ ಊರು ಗೊತ್ತಾಗಲ್ಲ ಕಣೇ.

ವನಜಮ್ಮ: ಎಂಜಿನ್‌ಗೆ ಗೊತ್ತಾಗಲ್ಲ, ಓಡ್ಸೋರಿಗೆ ಗೊತ್ತಾಗ್ತದೆ. ಕುಣಿಗಲ್‌ನಲ್ಲಿ ನಿಮ್ಮಕ್ಕ ಭದ್ರಮ್ಮ ಇದಾರೆ, ಗುಬ್ಬೀಲಿ ನನ್ನ ತಮ್ಮ ಇದಾನೆ. ಅಕ್ಕನ ಮನೆಗೆ ಕುದುರೆ ಹಂಗೆ ಓಡ್ತದೆ. ತಮ್ಮನ ಮನೆಗೆ ಹೊರಟ್ರೆ ಮಲ್ಲಸಂದ್ರದಲ್ಲಿ ಮುನಿಸ್ಕೊಂಡು ಕೂತ್ಕೊಳ್ತದೆ.

ಜುಂಜಪ್ಪ: ಅಮ್ಮಾವ್ರು ಹೇಳೋದ್ರಲ್ಲಿ ನ್ಯಾಯ ಐತೆ ಸಾ.

ನರಸಿಂಹಯ್ಯ: ನೀನು ಬಾನೆಟ್ಟಿನ ಒಳಗಿಂದ ನ್ಯಾಯ ಹೇಳ್ಬೇಡ ಜುಂಜಪ್ಪ.

ಈ ವಾಗ್ವಾದ ನಡೆದದ್ದು ತುಮಕೂರಿನ ಗುಬ್ಬಿ ಗೇಟಿನ ಬಳಿಯ ಒಂದು ಮನೆಯ ಅಂಗಳದಲ್ಲಿ. ೧೯೮೧ನೆಯ ಇಸವಿಯ ಶ್ರಾವಣದ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ. ನರಸಿಂಹಯ್ಯನವರು ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿದ್ದು ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು. ಪೋಸ್ಟ್‌ಮಾಸ್ಟರಿಗೆ ಒಪ್ಪುವ ವಾಹನ ಲ್ಯಾಂಡ್‌ಮಾಸ್ಟರೇ ಎಂಬ ಏಕೈಕ ತರ್ಕದಿಂದ ಇಪ್ಪತ್ತೈದು ವರ್ಷ ಹಳೆಯದಾದ ಈ ಕಾರನ್ನು ಕೊಂಡಿದ್ದರು. ಬಾನೆಟ್ಟಿನ ಕೆಳಗೆ ಸೊಂಟದವರೆಗೆ ಮರೆಯಾಗಿದ್ದ ಜುಂಜಪ್ಪನು ಅದರ ಕಾಯಂ ಮೆಕ್ಯಾನಿಕ್. ವನಜಮ್ಮನವರು ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ತುಪ್ಪದ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು, ಆಗಲೇ ಒಂದು ಗಂಟೆಯಿಂದ ಹೊರಟು ನಿಂತಿದ್ದರು.

ನರಸಿಂಹಯ್ಯ: (ಒಂದು ವಹಿಯನ್ನು ತೆರೆದು) ಎಲ್ಲಾ ಬರೆದಿಟ್ಟಿದೀನಿ. ಅಡಚಣೆ ಒಂದು. ಫೆಬ್ರವರಿ ಇಪ್ಪತ್ತೆರಡು. ಸ್ಥಳ ಮಲ್ಲಸಂದ್ರ. ಕಾರಣ, ಗೃಹಪ್ರವೇಶ.

ವನಜಮ್ಮ: ಕಾರು ನಿಲ್ಲೋಕೆ ನನ್ನ ತಮ್ಮನ ಗೃಹಪ್ರವೇಶ ಕಾರಣಾನಾ?

ನರಸಿಂಹಯ್ಯ: ಅದು ಪ್ರಯಾಣದ ಕಾರಣ ಕಣೇ. ಅಡಚಣೆಯ ಕಾರಣಕ್ಕೆ ಪಕ್ಕದಲ್ಲಿ ಬೇರೆ ಮನೆ ಬಿಟ್ಟಿದೀನಿ. ಅದು ಇನ್ನೂ ಖಾಲಿ. ಅಡಚಣೆ ಎರಡು, ಮೇ ಹತ್ತು, ಮಲ್ಲಸಂದ್ರ, ಸೀಮಂತ.

ವನಜಮ್ಮ: ಅದನ್ನ ನೀವು ಓದ್ಬೇಕಾ? ನಾನು ಹೋಗೋಷ್ಟರಲ್ಲಿ ನಮ್ಮ ದೊಡ್ಡಪ್ಪನ ಮಗಳು ಹೊಂಬಾಳಮ್ಮ ಮಡಿಲು ತುಂಬಿ, ಹಾಡು ಹೇಳಿ, ಕೋಸಂಬರಿ ತಿಂದು ಕೈ ತೊಳೀತಿದ್ಲು. ಇವತ್ತು ಮಗು ನಾಮಕರಣ. ಹನ್ನೊಂದೂಕಾಲಿಗೆ ಮುಹೂರ್ತ. ಸೋದರತ್ತೆ ನಾನು. ಮಗು ಕಿವೀಲಿ ಹೆಸರು ಹೇಳ್ಬೇಕಾದೋಳು ನಾನು. ನಾನಿಲ್ಲ ಅಂದ್ರೆ ಅವಳೇ ಬಗ್ಗಿ ಏನೋ ಒಂದು ಹೇಳ್ಬುಡ್ತಾಳೆ. ನಮ್ಮಪ್ಪನ ಹೆಸರು ಹೊನ್ನಯ್ಯ ಅಂತ ಇಡ್ಬೇಕು ಅಂತಿದೀನಿ. ಅವಳು ಸಿನಿಮಾ ನೋಡ್ಕೊಂಡು ಬಂದು ಹೆಸರಿಡೋಳು.

ನರಸಿಂಹಯ್ಯ: ಮುಟ್ಟಿಸ್ತೀನಿ ಅಂದ್ನಲ್ಲ.

ವನಜಮ್ಮ: ಬಸ್ಸಿಗೆ ಹೋಗ್ತೀನಿ ಬಿಡಿ.

ನರಸಿಂಹಯ್ಯ: ಮನೇಲಿ ಕಾರಿಟ್ಕೊಂಡು ಹೆಂಡ್ತೀನ ಬಸ್ಸಲ್ಲಿ ಕಳಿಸ್ದ ಅಂತ ಗುಬ್ಬೀಲಿ ಮಾತು ಬರ್ಬೇಕಾ? ಇವತ್ತು ನಿಲ್ಲಲ್ಲ. ನಿಂತ್ರೂ ಯಾಕೆ ನಿಲ್ತು ಅಂತ ಗೊತ್ತಾಗ್ತದೆ. ಮೀಟ್ರು ಹಾಕಿಸ್ತಿದೀನಿ.

ವನಜಮ್ಮ: ಯಾಕೆ ನಿಲ್ತು ಅಂತ ಗೊತ್ತುಮಾಡ್ಕೊಂಡು ಮಗು ಕಿವೀಲಿ ಅದನ್ನೇ ಹೇಳ್ಲಾ?

ನರಸಿಂಹಯ್ಯನವರು ಕಾಗದದ ಸುರುಳಿಯಿಂದ ಒಂದು ಮೀಟರನ್ನು ಹೊರತೆಗೆದರು. ಅಂಗೈಯಗಲದ ದುಂಡು ಮುಖ, ಸೊನ್ನೆಯಿಂದ ಹದಿನೈದರವರೆಗೆ ಅಂಕೆ, ಒಂದು ಕಪ್ಪು ಮುಳ್ಳು.

ನರಸಿಂಹಯ್ಯ: ಬೆಂಗಳೂರಿಂದ ತರಿಸಿದ್ದು. ಪಂಪಿಂದ ಪೆಟ್ರೋಲು ಎಷ್ಟು ಪ್ರೆಶರ್‌ನಲ್ಲಿ ಬರ್ತಿದೆ ಅಂತ ಮುಳ್ಳು ತೋರಿಸ್ತದೆ. ಮೂರು ಪೌಂಡ್ ಇರ್ಬೇಕು. ನನ್ನ ಪ್ರಕಾರ ಪಂಪು ದುರ್ಬಲ.

ಜುಂಜಪ್ಪ: ಪಂಪು ಗುಂಡುಕಲ್ಲು ಇದ್ದಂಗೈತೆ ಸಾ. ನಾನು ಪೈಪು ಹೆಬ್ಬೆಟ್ಟಲ್ಲಿ ಒತ್ತಿ ನೋಡಿದೀನಿ.

ನರಸಿಂಹಯ್ಯ: ಹೆಬ್ಬೆಟ್ಟು ನಂಬ್ಕೊಂಡು ನಾನು ಒಂದೇ ಒಂದು ಮನಿಯಾರ್ಡರ್ ಕೊಟ್ಟೋನಲ್ಲ ಕಣಯ್ಯ. ಹೆಬ್ಬೆಟ್ಟಿಗೆ ಪಕ್ಕದಲ್ಲಿ ಸಾಕ್ಷಿ ರುಜು ಬೇಕು. ಈ ಮೀಟ್ರೇ ಸಾಕ್ಷಿ. ಆರು ತಿಂಗಳಿಂದ ನೀನು ಪ್ಲಗ್ಗು ಅಂದೆ, ಹಾಕ್ಸಿದೆ. ಪಾಯಿಂಟು ಅಂದೆ, ಹಾಕ್ಸಿದೆ. ಕಾಯಿಲು ಅಂದೆ, ಅದನ್ನೂ ಹಾಕ್ಸಿದೆ.

ಜುಂಜಪ್ಪ: ಕಾರು ಹೊಸದಾಯ್ತಲ್ಲ ಸಾ.

ವನಜಮ್ಮ: ಏನಂದ್ರಿ, ಕಾರಿಗೆ ಪ್ರೆಶರ್ರಾ? ನಿಮಗಿದ್ದದ್ದು ಅದಕ್ಕೂ ಅಂಟ್ಕೊಂಡಿರ್ಬೇಕು.

ನರಸಿಂಹಯ್ಯ: ನನ್ನದು ರಕ್ತದ್ದು. ಇದು ಪೆಟ್ರೋಲಿಂದು.

ವನಜಮ್ಮ: ಡಾಕ್ಟ್ರು ನಿಮಗೆ ಉಪ್ಪು ಬಿಡ್ಸಿದ್ರು. ಇದಕ್ಕೇನು ಬಿಡ್ಸಿದಾರೆ?

ಜುಂಜಪ್ಪ: ಗುಬ್ಬಿ ಬಿಡ್ಸವ್ರಲ್ಲ ಅಮ್ಮಾ.

ಜುಂಜಪ್ಪನು ಬಾನೆಟ್ಟಿನ ಕೆಳಗಿನಿಂದ ಹೊರಬಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕಾರ್ಯದ ವಿಧಾನವನ್ನು ಆತ ಮೊದಲೇ ತೀರ್ಮಾನಿಸಿದ್ದ.

ಜುಂಜಪ್ಪ: ಪೈಪು ಮಧ್ಯಕ್ಕೆ ಕುಯ್ದು, ಅಲ್ಲೊಂದು ಟೀ ಹಾಕ್ಬೇಕು ಸಾ.

ವನಜಮ್ಮ: ಟೀ ಯಾಕಪ್ಪ, ಕಾಫಿ ಸೋಸಿಟ್ಟಿದೀನಿ.

ಜುಂಜಪ್ಪ: ನಂಗಲ್ಲ ಅಮ್ಮಾ, ಕಾರಿಗೆ.

ವನಜಮ್ಮ: ಕೇಳಿಸ್ತೇನ್ರೀ? ಅದಕ್ಕೇ ಅದು ಮಲ್ಲಸಂದ್ರದಲ್ಲಿ ನಿಲ್ಲೋದು. ಹೋಟ್ಲು ಅಲ್ಲೇ ಇದೆ.

ಜುಂಜಪ್ಪ: (ಹಿತ್ತಾಳೆಯ ಸಣ್ಣ ತುಂಡೊಂದನ್ನು ತೋರಿಸುತ್ತ) ಇದು ಟೀ ಅಮ್ಮಾ. ಮೂರು ಬಾಯಿ ಐತೆ ನೋಡಿ. ಒಂದು ಬಾಯಲ್ಲಿ ಪಂಪಿಂದ ಪೆಟ್ರೋಲು ಬತ್ತದೆ. ಒಂದು ಬಾಯಲ್ಲಿ ಕಾರ್ಬೇಟರ್‌ಗೆ ಹೋಯ್ತದೆ. ಮೂರನೇ ಬಾಯಿ ಮೀಟ್ರಿಗೆ.

ವನಜಮ್ಮ: ಮೂರನೇ ಬಾಯಿಗೆ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ಸುಮ್ನೆ ನೋಡಿ ಊರಿಗೆಲ್ಲ ಹೇಳೋದು. ಹೊಂಬಾಳಮ್ಮನ ಹಂಗೆ.

ರಬ್ಬರು ಪೈಪನ್ನು ಕತ್ತರಿಸುವಾಗ ಸುರಿದ ಪೆಟ್ರೋಲನ್ನು ಜುಂಜಪ್ಪ ಒಂದು ಹಳೆಯ ಲೋಟಕ್ಕೆ ಹಿಡಿದ. ತುಂಡನ್ನು ಕೂರಿಸಿ, ಮೂರು ಬಾಯಿಗೂ ಕ್ಲಿಪ್ಪು ಬಿಗಿದ. ಆಮೇಲೆ ಮೀಟರನ್ನು ಎಲ್ಲಿಡಬೇಕೆಂಬ ಪ್ರಶ್ನೆ ಎದ್ದಿತು.

ನರಸಿಂಹಯ್ಯ: ಒಳಗಿಡು. ಸ್ಟಿಯರಿಂಗ್ ಮುಂದೆ, ನನ್ನ ಕಣ್ಣೆದುರಿಗೆ.

ಜುಂಜಪ್ಪ: ಆಗಲ್ಲ ಸಾ. ಪೆಟ್ರೋಲ್ ಪೈಪು ಒಳಕ್ಕೆ ತಂದು ಒಂದು ಕ್ಲಿಪ್ಪು ಜಾರಿದ್ರೆ ಮೂರೂ ಜನ ಒಟ್ಟಿಗೆ ನಿವೃತ್ತಿ.

ನರಸಿಂಹಯ್ಯ: ಬಾನೆಟ್ಟಿನ ಕೆಳಗಿಟ್ರೆ ನಾನು ಓದೋದು ಹೆಂಗೆ?

ಜುಂಜಪ್ಪ: ಪೈಪು ಉದ್ದ ಬುಟ್ಟು, ಹೊರಗಡೆ ವೈಪರ್‌ಗೆ ಕಟ್ತೀನಿ. ಮುಖ ನಿಮ್ಮ ಕಡೆಗೆ. ಗಾಜಲ್ಲಿ ನೋಡ್ಕೊಳ್ಳಿ.

ನರಸಿಂಹಯ್ಯ: ಮಳೆ ಬಂದ್ರೆ?

ವನಜಮ್ಮ: ಮಳೆ ಬಂದ್ರೆ ಅದರ ಮೇಲೂ ಅರಗು ಸುರೀರಿ! (ತುಪ್ಪದ ಡಬ್ಬಿಯನ್ನು ಎತ್ತಿ ತೋರಿಸುತ್ತ) ನೋಡಪ್ಪ ಜುಂಜಪ್ಪ, ಬಾಣಂತಿಗೆ ಅಂತ ತುಪ್ಪ ಕಾಯಿಸಿದ್ರೆ ಬೆಳಗಾಗೆದ್ದು ಮುಚ್ಚಳಕ್ಕೆ ಅರಗು ಹಾಕಿ ಮುದ್ರೆ ಒತ್ತಿದಾರೆ. ಹೋದ್ವರ್ಷ ಉಪ್ಪಿನಕಾಯಿ ಜಾಡಿಗೆ ಹಾಕಿದ್ರು. ಒನಕೆ ತಗೊಂಡು ಒಡೆದೆ. ಅಡುಗೆಮನೆ ಗೋಡೇಲಿದ್ದ ಇರುವೆ ತೂತಿಗೂ ಅರಗೇ.

ನರಸಿಂಹಯ್ಯ: ಸೀಲಿಲ್ಲದೆ ಹೋದ ಮಾಲು ಪೂರ್ತಿ ತಲುಪಿದ್ದು ನನ್ನ ಸರ್ವೀಸಿನಲ್ಲೇ ಇಲ್ಲ.

ಮೀಟರು ವೈಪರಿಗೆ ಏರಿತು. ನರಸಿಂಹಯ್ಯನವರು ಉಡುದಾರಕ್ಕೆ ಕಟ್ಟಿದ್ದ ಬೀಗದ ಕೈ ತೆಗೆದು, ಹಿಂದಕ್ಕೆ ಹೋಗಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು, ಮರದ ಅಡಿಕೋಲನ್ನು ಇಳಿಬಿಟ್ಟು ಅಳೆದು, ಮೂರೂವರೆ ಅಂಗುಲವೆಂದು ವಹಿಯಲ್ಲಿ ಬರೆದು, ಮತ್ತೆ ಬೀಗ ಹಾಕಿದರು. ಆ ಮುಚ್ಚಳವನ್ನು ತೆರೆಯುವ ಅಧಿಕಾರವನ್ನು ಅವರು ಇನ್ನಾರಿಗೂ ವಹಿಸಿಕೊಟ್ಟಿರಲಿಲ್ಲ.

ವನಜಮ್ಮ: ಒಂದು ಮಾತು ಹೇಳ್ತೀನಿ. ದಾರೀಲಿ ಕಾಫಿ ಗೀಫಿ ಅಂತ ಎಲ್ಲೂ ನಿಲ್ಲಿಸ್ಬೇಡಿ. ಇವತ್ತು ಈ ಕಾರು ತಾನಾಗಿ ನಿಂತ್ರೆ ಇನ್ಮೇಲೆ ಇದರಲ್ಲಿ ನಾನು ಕೂರಲ್ಲ. ಕುಣಿಗಲ್‌ಗೂ ಬರಲ್ಲ. ನಿಮ್ಮಕ್ಕನಿಗೆ ನೀವೇ ಉತ್ತರ ಕೊಟ್ಕೊಳ್ಳಿ.

ಒಂಬತ್ತು ಮುಕ್ಕಾಲಿಗೆ ಲ್ಯಾಂಡ್‌ಮಾಸ್ಟರ್ ಗುಬ್ಬಿ ಗೇಟು ದಾಟಿತು. ಮುಂದಿನ ಸೀಟಿನಲ್ಲಿ ಜುಂಜಪ್ಪ ಕುಳಿತು ಮುಳ್ಳನ್ನು ನೋಡಿ ಹೇಳುವುದೆಂದೂ, ಹಿಂದೆ ಕುಳಿತ ವನಜಮ್ಮನವರು ಅದನ್ನು ವಹಿಯಲ್ಲಿ ಬರೆಯುವುದೆಂದೂ ಆಜ್ಞೆಯಾಗಿತ್ತು.

ಜುಂಜಪ್ಪ: ಮೂರು, ಸಾ. ಬಾಣದಂಗೈತೆ.

ನರಸಿಂಹಯ್ಯ: ಬರ್ಕೋ. ಗುಬ್ಬಿ ಗೇಟು, ಮೂರು ಪೌಂಡು.

ವನಜಮ್ಮ: ಬರೆದೆ.

ಜುಂಜಪ್ಪ: ಹೆಗ್ಗೆರೆ. ಎರಡೂವರೆ.

ನರಸಿಂಹಯ್ಯ: (ಕಣ್ಣರಳಿಸಿ) ಎಷ್ಟು? ಇನ್ನೊಂದ್ಸಲ ಹೇಳು.

ಜುಂಜಪ್ಪ: ಎರಡೂವರೆ. ಈಗ ಎರಡು.

ನರಸಿಂಹಯ್ಯ: ನೋಡಿದ್ಯಾ! ಪಂಪು ದುರ್ಬಲ ಅಂತ ಹೇಳಿರ್ಲಿಲ್ವಾ ನಾನು!

ವನಜಮ್ಮ: ರೀ, ನೀವು ಹಿಗ್ತಿರೋ ರೀತಿ ನೋಡಿದ್ರೆ ನಂಗೆ ಭಯ ಆಗ್ತದೆ.

ಜುಂಜಪ್ಪ: ಒಂದೂವರೆ... ಒಂದು... ಸಾ, ಮಲ್ಲಸಂದ್ರ ಬಂತು...

ಎಂಜಿನ್ನು ಎರಡು ಸಲ ಬಿಕ್ಕಳಿಸಿ, ಹೋಟೆಲಿನ ಎದುರಿಗೆ, ಹಿಂದಿನ ಸಲಗಳಲ್ಲಿ ನಿಂತಿದ್ದ ಬೇವಿನ ಮರದ ನೆರಳಿನಲ್ಲೇ ನಿಂತಿತು.

ಜುಂಜಪ್ಪ: ಸೊನ್ನೆ.

ನರಸಿಂಹಯ್ಯ: ಸೊನ್ನೆ! ಬರ್ಕೋ ವನಜಾ, ಸೊನ್ನೆ! ಸಮಯ ಹತ್ತು ಗಂಟೆ ಹದಿನಾಲ್ಕು ನಿಮಿಷ. ನನ್ನ ಮಾತೇ ನಿಜವಾಯ್ತು!

ವನಜಮ್ಮ: ನಿಜವಾಗ್ಲಿ. ಆ ನಿಜದ ಮೇಲೇ ಕೂತ್ಕೊಂಡು ಗುಬ್ಬಿಗೆ ಹೋಗೋಣ, ಓಡ್ಸಿ.

ಆ ವೇಳೆಗೆ ಸರಿಯಾಗಿ ಗುಬ್ಬಿಯ ಬಸ್ಸು ಧೂಳೆಬ್ಬಿಸುತ್ತ ಬಂದಿತು. ಕಿಟಕಿಯಿಂದ ಬಳೆ ತುಂಬಿದ ಕೈಯೊಂದು ಹೊರಬಂದು ಬೀಸಿತು. ಹೊಂಬಾಳಮ್ಮನದು.

ಹೊಂಬಾಳಮ್ಮ: (ಬಸ್ಸಿನಿಂದ) ಅಕ್ಕಾ, ನಿಂತೋಯ್ತಾ? ನಿಧಾನ ಬಾ! ನಾನಿರ್ತೀನಿ ಬುಡು ಅಲ್ಲಿ!

ಬಸ್ಸು ಮರೆಯಾಯಿತು. ವನಜಮ್ಮನವರು ವಹಿಯನ್ನು ಮುಚ್ಚಿದರು.

ವನಜಮ್ಮ: ಹೋದ್ಲು. ನಮ್ಮಪ್ಪನ ಹೆಸರು ಆ ಬಸ್ಸಲ್ಲಿ ಹೋಯ್ತು. ಈ ಕಾರು ಮುಕ್ಕಾಲು ಗಂಟೆ ಬಿಟ್ಟು ಏನೂ ಆಗದೇ ಇರೋ ಹಂಗೆ ಹೊರಡ್ತದೆ. ಅಷ್ಟರಲ್ಲಿ ಮಗು ತೊಟ್ಟಿಲಲ್ಲಿ ಮಲಗಿರ್ತದೆ, ಯಾವನೋ ಹೀರೋ ಹೆಸರು ಇಟ್ಕೊಂಡು.

ಜುಂಜಪ್ಪ: ಇರಿ ಅಮ್ಮಾ. (ಬಾನೆಟ್ಟು ಎತ್ತಿ, ಪೈಪು ಬಿಚ್ಚಿ ನೋಡಿ) ಪಂಪಿಗೆ ಪೆಟ್ರೋಲೇ ಬತ್ತಾ ಇಲ್ಲ ಸಾ. ಬರ್ದೇ ಇರೋದನ್ನ ಅದು ಎಲ್ಲಿಂದ ತಳ್ತದೆ? ಟ್ಯಾಂಕಲ್ಲಿ ಪೆಟ್ರೋಲ್ ಐತಾ?

ನರಸಿಂಹಯ್ಯ: ಮೂರೂವರೆ ಅಂಗುಲ. ವಹಿಯಲ್ಲಿದೆ.

ಜುಂಜಪ್ಪ: ವಹಿಯಲ್ಲಿ ಐತೆ ಸರಿ. ಟ್ಯಾಂಕಲ್ಲಿ ಐತಾ?

ನರಸಿಂಹಯ್ಯ: ಎಂಜಿನ್ ಇರೋದು ಮುಂದೆ. ಕಾಯಿಲೆ ಇರೋದು ಮುಂದೆ. ನೀನು ಹಿಂದಕ್ಕೆ ಯಾಕೆ ಹೋಗ್ತೀಯಾ?

ವನಜಮ್ಮ: ಬೀಗ ತೆಗೀತೀರೋ, ಇಲ್ಲಾ ನಾನು ಉಡುದಾರಕ್ಕೇ ಕೈ ಹಾಕ್ಲೋ? ಹೋಟ್ಲಲ್ಲಿ ಜನ ನೋಡ್ತಿದಾರೆ.

ನರಸಿಂಹಯ್ಯನವರು ಬೀಗದ ಕೈ ತೆಗೆದರು. ಮುಚ್ಚಳವನ್ನು ಅರ್ಧ ತಿರುಗಿಸುತ್ತಲೇ ಟ್ಯಾಂಕು ದೀರ್ಘವಾಗಿ ‘ಉಸ್ಸ್’ ಎಂದಿತು. ದಾರಿಯುದ್ದಕ್ಕೂ ಉಸಿರು ಹಿಡಿದು ಕೂತ ಯಾರೋ ಕಡೆಗೂ ಗಾಳಿ ಎಳೆದುಕೊಂಡಂತಿತ್ತು.

ಜುಂಜಪ್ಪ: (ಕಿವಿಗೊಟ್ಟು) ಸಾ... ಇದೇನು ಸಾ?

ನರಸಿಂಹಯ್ಯ: ಅದು ಯಾವಾಗ್ಲೂ ಹಂಗೇ ಅನ್ನೋದು.

ಜುಂಜಪ್ಪ: ಯಾವಾಗ್ಲೂ ಅಂದ್ರೆ?

ನರಸಿಂಹಯ್ಯ: ಕುಣಿಗಲ್‌ಗೆ ಹೋಗುವಾಗ ಗೂಳೂರಲ್ಲಿ ದಾಸಯ್ಯನ ಜೊತೆ ಕಾಫಿ. ಆಗೊಮ್ಮೆ ಅಳೀತೀನಿ. ನಾಗವಲ್ಲೀಲಿ ಒಮ್ಮೆ. ಹೆಬ್ಬೂರಲ್ಲಿ ಒಮ್ಮೆ. ಹೆಬ್ಬೂರು ದಾಟಿದ್ಮೇಲೆ ಇನ್ನೊಮ್ಮೆ. ಎಲ್ಲಾ ಕಡೆ ನಮ್ಮ ಇಲಾಖೆಯೋರು ಇದಾರಲ್ಲ. ಅಳೆದಾಗೆಲ್ಲ ಉಸ್ಸ್ ಅನ್ನುತ್ತೆ. ಪೆಟ್ರೋಲ್ ಬಿಗಿಯಾಗಿದೆ ಅಂತ ನಂಗೆ ಸಂತೋಷ ಆಗ್ತಿತ್ತು.

ಜುಂಜಪ್ಪ: ಸ್ಟಾರ್ಟ್ ಮಾಡಿ ನೋಡಿ.

ಎಂಜಿನ್ನು ಒಂದೇ ಏಟಿಗೆ ಎದ್ದಿತು. ವೈಪರಿನ ಮೇಲಿನ ಮುಳ್ಳು ನೆಗೆದು ಮೂರಕ್ಕೆ ಬಂದು ನಿಂತಿತು. ಜುಂಜಪ್ಪನು ಮುಚ್ಚಳವನ್ನು ಬಿಸಿಲಿಗೆ ತಿರುಗಿಸಿ ಹಿಡಿದು ಒಳಗಡೆ ನೋಡಿದ.

ಜುಂಜಪ್ಪ: ಅಮ್ಮಾ, ಆ ತುಪ್ಪದ ಡಬ್ಬಿ ಒಂಚೂರು ಕೊಡಿ.

ವನಜಮ್ಮ: ಈಗ ತುಪ್ಪ ಯಾಕೆ?

ಜುಂಜಪ್ಪ: ತುಪ್ಪ ಬೇಡ, ಮುದ್ರೆ ಬೇಕು. (ಎರಡನ್ನೂ ಅಕ್ಕಪಕ್ಕ ಹಿಡಿದು) ಡಬ್ಬಿ ಮೇಲೆ ‘ನ’. ಟ್ಯಾಂಕಿನ ಮುಚ್ಚಳದ ಒಳಗಡೆನೂ ‘ನ’. ಕೆಂಪು ಅರಗು. ಕೆಳಗೆ ಸೂಜೀಲಿ ಏನೋ ಗೀಚೈತೆ.

ವನಜಮ್ಮ: (ಬಗ್ಗಿ ಓದುತ್ತ) ಎಂಟು, ಎರಡು, ಎಂಬತ್ತೊಂದು. ರೀ! ಗೃಹಪ್ರವೇಶಕ್ಕೆ ಹದಿನಾಲ್ಕು ದಿನ ಮುಂಚೆ!

ನರಸಿಂಹಯ್ಯ: ಪೆಟ್ರೋಲ್ ಬೆಲೆ ಏರ್ತು ಕಣೇ. ಮುಚ್ಚಳದಲ್ಲಿ ನೋಡಿದ್ರೆ ಸೂಜಿಮೊನೆಯಷ್ಟು ತೂತು. ಅದರಲ್ಲಿ ಆವಿಯಾಗಿ ಹೋಗ್ತಿತ್ತು. ಕಂಪನಿಯವರ ಅಜಾಗರೂಕತೆ ಅನ್ಕೊಂಡು ಸರಿಪಡಿಸ್ದೆ.

ಜುಂಜಪ್ಪ: ಅದು ಅಜಾಗರೂಕತೆ ಅಲ್ಲ ಸಾ, ಮೂಗು. ಪಂಪು ಪೆಟ್ರೋಲ್ ಎಳೀತಾ ಹೋದಂಗೆ ಟ್ಯಾಂಕಿಗೆ ಗಾಳಿ ಬರ್ಬೇಕು. ಇಲ್ಲಾಂದ್ರೆ ಒಳಗೆ ಬಿಗ್ಕೊಂಡು ಪೆಟ್ರೋಲು ಬರಲ್ಲ. ಹತ್ತು ಹನ್ನೆರಡು ಕಿಲೋಮೀಟ್ರು ಹೆಂಗೋ ಎಳೀತದೆ. ಮಲ್ಲಸಂದ್ರಕ್ಕೆ ಬರೋಷ್ಟರಲ್ಲಿ ದಮ್ಮು ಕಟ್ತದೆ. ಮುಕ್ಕಾಲು ಗಂಟೆ ಬುಟ್ರೆ ಸಂದೀಲಿ ಒಂಚೂರು ಗಾಳಿ ಸೇರ್ಕೊಂಡು ಮತ್ತೆ ಹೊರಡ್ತದೆ. ಕುಣಿಗಲ್ ದಾರೀಲಿ ನೀವು ಕಾಫಿ ಕುಡ್ದಾಗೆಲ್ಲ ಅದೂ ಉಸಿರಾಡ್ಕೊಂಡೈತೆ.

ವನಜಮ್ಮ: ಅಂದ್ರೆ ನಮ್ಮ ತವರಿನ ದಾರೀಲಿ ಮಾತ್ರ ಅದರ ಮೂಗು ಹಿಡ್ಕೊಂಡಿದ್ದೋರು ಇವರು!

ನರಸಿಂಹಯ್ಯ: ನಿಲ್ಲು, ನಿಲ್ಲು. ಗುಬ್ಬಿ ದಾರೀಲಿ ಎಲ್ಲೂ ನಿಲ್ಲಿಸ್ಬೇಡಿ ಅಂತ ಪ್ರತಿ ಸಲ ಹೇಳೋಳು ಯಾರು? ನಿಲ್ಲಿಸಿದ್ರೆ ಅಳೀತಿದ್ದೆ. ಅಳೆದಿದ್ರೆ ಗಾಳಿ ಹೋಗ್ತಿತ್ತು. ಅಂದ್ಮೇಲೆ ಅಡಚಣೆಯ ಕಾರಣ...

ವನಜಮ್ಮ: ವಹಿಯ ಆ ಖಾಲಿ ಮನೇಲಿ ನನ್ನ ಹೆಸರು ಬರೆದ್ರೆ ನೋಡಿ!

ಜುಂಜಪ್ಪ: ಅರಗು ಕೀಳಕ್ಕೆ ಸಣ್ಣದು ಏನಾರ ಬೇಕು. ನನ್ನ ಸ್ಕ್ರೂಡ್ರೈವರ್ ದಪ್ಪ.

ನರಸಿಂಹಯ್ಯ: ಮುಟ್ಬೇಡ! ಸೀಲ್ ಒಡೆಯೋಕೆ ಒಂದು ಕ್ರಮ ಇದೆ. ಸೀಲು ಸುಸ್ಥಿತಿಯಲ್ಲಿತ್ತು ಅಂತ ಮೊದ್ಲು ಬರೀಬೇಕು. ಇಬ್ಬರು ಸಾಕ್ಷಿ ರುಜು ಹಾಕ್ಬೇಕು. ಆಮೇಲೆ...

ವನಜಮ್ಮನವರು ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ತೆಗೆದು, ಮುಚ್ಚಳವನ್ನು ಗಂಡನ ಮುಖದೆದುರಿಗೇ ಹಿಡಿದು, ‘ನ’ಕಾರದ ನಟ್ಟನಡುವೆ ಚುಚ್ಚಿದರು. ಅರಗು ಎರಡು ಹೋಳಾಗಿ ರಸ್ತೆಗೆ ಬಿದ್ದಿತು.

ವನಜಮ್ಮ: ಸುಸ್ಥಿತಿಯಲ್ಲಿತ್ತು. ನಾನೊಂದು ಸಾಕ್ಷಿ, ಜುಂಜಪ್ಪ ಇನ್ನೊಂದು. ಹೊರಡಿ.

ಮಲ್ಲಸಂದ್ರದಿಂದಾಚೆ ಮುಳ್ಳು ಮೂರರ ಮೇಲೆಯೇ ಇತ್ತು. ಜುಂಜಪ್ಪ ಎರಡು ಸಲ ‘ಮೂರು’ ಎಂದ. ಹಿಂದಿನ ಸೀಟಿನಲ್ಲಿ ಯಾರೂ ಬರೆದುಕೊಳ್ಳದ್ದರಿಂದ ಮುಳ್ಳು ನೋಡುವುದನ್ನೇ ಬಿಟ್ಟ. ಕಾರು ಗುಬ್ಬಿಯ ಮನೆಯ ಮುಂದೆ ನಿಂತಾಗ ಹನ್ನೊಂದು ಗಂಟೆಗೆ ಐದು ನಿಮಿಷವಿತ್ತು. ಪುರೋಹಿತರು ಇನ್ನೂ ಅಕ್ಕಿ ಹರಡುತ್ತಿದ್ದರು. ತೊಟ್ಟಿಲಿನ ಬಳಿ ಹೊಂಬಾಳಮ್ಮ ಮಣೆ ಹಾಕಿಕೊಂಡು ಕುಳಿತಾಗಿತ್ತು. ವನಜಮ್ಮನವರ ತಮ್ಮ ಚಿಕ್ಕರಂಗಯ್ಯ ಬಾಗಿಲಿಗೆ ಓಡಿಬಂದ.

ಚಿಕ್ಕರಂಗಯ್ಯ: ಬಂದ್ಯಾ ಅಕ್ಕ! ನಿಂತೋಗಿದೆ ಅಂತ ಹೊಂಬಾಳಕ್ಕ ಹೇಳಿದ್ಲು. (ಕಾರಿನ ಕಡೆ ನೋಡಿ) ಭಾವ, ಇದೇನಿದು, ಗಡಿಯಾರ ಹೊರಗಡೆ ಕಟ್ಟಿದೀರಿ?

ನರಸಿಂಹಯ್ಯ: ಗಡಿಯಾರ ಅಲ್ಲಪ್ಪ, ಪ್ರೆಶರ್ ಮೀಟ್ರು. ಬೆಂಗಳೂರಿಂದ ತರಿಸಿ ಹಾಕ್ಸಿದೆ. ನೋಡು, ಕಾರು ಸರಿಹೋಯ್ತು.

ವನಜಮ್ಮನವರು ನೇರವಾಗಿ ತೊಟ್ಟಿಲಿನ ಬಳಿಗೆ ನಡೆದು, ಹೊಂಬಾಳಮ್ಮನ ಭುಜ ಮುಟ್ಟಿ, ಕಣ್ಣಲ್ಲೇ ಮಣೆ ತೆರವು ಮಾಡಿಸಿ, ಮಗುವನ್ನು ಮಡಿಲಿಗೆ ಎತ್ತಿಕೊಂಡರು. ಮಗುವಿನ ಮುಖ ನೋಡಲು ನರಸಿಂಹಯ್ಯನವರೂ ಬಗ್ಗಿದರು.

ವನಜಮ್ಮ: ಸ್ವಲ್ಪ ದೂರ ನಿಂತ್ಕೊಳ್ರೀ. ಕಿವೀಲಿ ಹೆಸರು ಹೇಳಾಗೋವರೆಗೂ ಹತ್ರ ಬರ್ಬೇಡಿ. ತೂತು ಕಂಡ್ರೆ ನಿಮ್ಮ ಕೈ ಸುಮ್ನಿರಲ್ಲ.